ಕೆಂಪು ಸೆರಗಿನ ಕಾಲುಚೀಲ

ಡಿಸೆಂಬರ್ ಇಪ್ಪತ್ತನೇ ತಾರೀಖಿನ ಹೊತ್ತಿಗೆ ದಾನೇಶ್ವರಿ ಹನ್ನೊಂದು ಕಾಲುಚೀಲ ಹೊಲಿದು ಮುಗಿಸಿದ್ದಳು. ಇನ್ನೂ ಏಳು ಬಾಕಿ ಇದ್ದವು. ಕಾಲಿಗೆ ಹಾಕಿಕೊಳ್ಳುವ ಚೀಲಗಳಲ್ಲ ಅವು, ಕ್ರಿಸ್‌ಮಸ್ಸಿನ ಹಿಂದಿನ ದಿನ ಸಂಜೆ ಮಕ್ಕಳಿರುವ ಮನೆಗಳ ಬಾಗಿಲಿಗೆ ತೂಗುಹಾಕುವಂಥವು. ಮೊಳದುದ್ದ, ಒಂದು ಮಗುವಿನ ಎರಡೂ ಕಾಲು ಹೋಗುವಷ್ಟು ಅಗಲ. ಮುಂಬೈಯ ಕುರ್ಲಾ ಸ್ಟೇಷನ್ನಿನ ಹಿಂದಿನ, ಸಾಲುಮನೆಗಳ ಆ ಎರಡಂತಸ್ತಿನ ಚಾಳಿನಲ್ಲಿ ಮಕ್ಕಳು ಅದನ್ನು ‘ಮೋಜಾ’ ಎನ್ನುತ್ತಿದ್ದರು. ದೀಪಾವಳಿಯ ಪಟಾಕಿ ಮುಗಿದ ಮಾರನೆಯ ದಿನದಿಂದಲೇ ಮೋಜಾ ಯಾವಾಗ ಎಂದು ಕೇಳಲು ಶುರುಮಾಡುತ್ತಿದ್ದರು.

ಮೂವತ್ತು ವರ್ಷ ಈ ಕೆಲಸ ಮಾಡಿದವಳು ಕೆಳಗಿನ ಮನೆಯ ಎಸ್ಮಿ ಆಂಟಿ. ಮುನಿಸಿಪಾಲ್ಟಿ ಶಾಲೆಯಲ್ಲಿ ಟೀಚರಾಗಿ ನಿವೃತ್ತಿಯಾದವಳು, ಒಂಟಿ ಹೆಂಗಸು. ಹಿಂದೂ ಮುಸಲ್ಮಾನ ಎನ್ನದೆ ಚಾಳಿನ ಪ್ರತಿ ಮಗುವಿಗೂ ಒಂದೊಂದು ಹೊಲಿಯುತ್ತಿದ್ದಳು. ಅವಳದು ಎರಡೇ ಕಟ್ಟಳೆ. ಬಟ್ಟೆ ಆ ಮಗುವಿನ ಮನೆಯದೇ ಆಗಿರಬೇಕು, ಹಳತಾದರೂ ಸರಿ. ಒಳಗೆ ಹಾಕುವ ಉಡುಗೊರೆ ಕೈಯಿಂದ ಮಾಡಿದ್ದಾಗಿರಬೇಕು, ಅಂಗಡಿಯದ್ದಲ್ಲ. ಈ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಅವಳು ಗೋಡೆ ಹಿಡಿದುಕೊಂಡು ಮೇಲೆ ಬಂದು, ಕಾಲುಚೀಲದ ಆಕಾರಕ್ಕೆ ಕತ್ತರಿಸಿದ್ದ ಹಳೇ ರಟ್ಟನ್ನು ದಾನೇಶ್ವರಿಯ ತೊಡೆಯ ಮೇಲಿಟ್ಟಳು. ಬಾಗಿಲು ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ, ಇನ್ನು ನೀನೇ ಮಾಡು ಎಂದು ಹಿಂದಿಯಲ್ಲಿ ಹೇಳಿದಳು.

ದಾನೇಶ್ವರಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. ಜಮಖಂಡಿ ಕಡೆಯಿಂದ ಮದುವೆಯಾಗಿ ಬಂದವಳು ಒಂಬತ್ತು ವರ್ಷ ಗಾರ್ಮೆಂಟ್ ಕಾರ್ಖಾನೆಯಲ್ಲಿ ಬರೀ ಕಾಲರ್ ಹೊಲಿದಿದ್ದಳು. ದಿನಕ್ಕೆ ನೂರಾರು ಕಾಲರು. ಅವು ಯಾರ ಕುತ್ತಿಗೆಗೆ ಹೋಗುತ್ತವೆ ಎಂಬುದು ಒಂದು ದಿನವೂ ತಿಳಿಯಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಮಷೀನು ಹಾಕಿಕೊಂಡು ಬ್ಲೌಸು, ಸೀರೆಯ ಫಾಲು ಹೊಲಿಯುತ್ತಿದ್ದಳು. ಹೆಸರು ಹಿಡಿದು ಕರೆಯಬಹುದಾದ ಹದಿನೆಂಟು ಮಕ್ಕಳಿಗೆ ಪೂರ್ತಿ ಒಂದೊಂದು ವಸ್ತು ಹೊಲಿಯುವುದು ಅವಳಿಗೆ ಹೊಸದು. ಒಂದು ಮನೆಯಿಂದ ಹಳೇ ಪರದೆ ಬಂತು, ಇನ್ನೊಂದರಿಂದ ಮೈ ಒರೆಸುವ ಗಮಛಾ, ಮತ್ತೊಂದರಿಂದ ಅಜ್ಜನ ಚೌಕಳಿ ಲುಂಗಿ. ಒಳಗಿಡಲು ಅವಳು ಚಿಂದಿ ತುಂಬಿದ ಚೆಂಡು, ಗುಂಡಿಯ ಕಣ್ಣಿನ ಮೊಲ, ಪೆನ್ಸಿಲ್ ಚೀಲಗಳನ್ನು ಮಾಡಿಟ್ಟಿದ್ದಳು. ಗಂಡ ಗುರುಪಾದ ಸಿಮೆಂಟ್ ಮಿಕ್ಸರಿನ ಲಾರಿ ಓಡಿಸುವವನು. ಮನೆಗೆ ಬಂದರೆ ಕೂರುವುದಕ್ಕೆ ಜಾಗವಿಲ್ಲವೆಂದು ಗೊಣಗುತ್ತಿದ್ದ.

ಆ ಶನಿವಾರ ಮಧ್ಯಾಹ್ನ ಸೋನಾಲಿ ಬಂದಳು. ಎರಡು ಬಾಗಿಲು ಆಚೆಯ ನಿಂಗಣ್ಣನ ಮಗಳು, ಮೂರನೇ ಕ್ಲಾಸು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಸಿದ ಸೀರೆ. ಮೋಜಾಕ್ಕೆ ಎಂದಳು.

ದಾನೇಶ್ವರಿ ಅದನ್ನು ತೊಡೆಯ ಮೇಲೆ ಬಿಚ್ಚಿದಳು. ಇಳಕಲ್ ಸೀರೆ. ಒಡಲು ಗಿಳಿ ಹಸಿರು, ಉಟ್ಟು ಉಟ್ಟು ಮೆತ್ತಗಾದದ್ದು. ಸೆರಗು ರೇಷ್ಮೆಯದು, ಕಡುಗೆಂಪು, ಅದರಲ್ಲಿ ಗೋಪುರದಂತೆ ಮೊನಚಾದ ಬಿಳಿ ತೋಪುತೆನೆಯ ಸಾಲು. ಅದು ಹಳೇ ಕಾಲದ ಕೆಂಪು. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನಿಂದ ಹೊತ್ತಿಕೊಂಡ ಹಾಗೆ ಕಾಣುತ್ತಿತ್ತು. ಹದಿನೆಂಟರಲ್ಲಿ ಒಂದೇ ಒಂದು ಕಾಲುಚೀಲವಾದರೂ ನಿಜವಾದ ಕ್ರಿಸ್‌ಮಸ್ಸಿನ ಕೆಂಪು ಬಿಳುಪಿನಲ್ಲಿ ಆಗಲಿಲ್ಲವಲ್ಲ ಎಂದು ಅವಳು ಹಿಂದಿನ ದಿನವಷ್ಟೇ ಅಂದುಕೊಂಡಿದ್ದಳು.

ಪಪ್ಪಾ ಕೊಡು ಅಂದರಾ ಎಂದು ದಾನೇಶ್ವರಿ ಕೇಳಿದಳು. ಸೋನಾಲಿ ಹೂಂ ಎಂದು ತಲೆಯಾಡಿಸಿದಳು, ನಿಲ್ಲದೆ ಓಡಿಹೋದಳು.

ಆ ಮನೆಯಲ್ಲಿ ಹೆಂಗಸಿರಲಿಲ್ಲ. ಸೋನಾಲಿಯ ತಾಯಿ ಇಂದ್ರಾಬಾಯಿ ಮನೆಬಿಟ್ಟು ಹೋಗಿ ಎಂಟು ತಿಂಗಳಾಗಿತ್ತು. ಕಾರಣ ಚಾಳಿಗೆಲ್ಲ ಗೊತ್ತಿತ್ತು. ಊರಲ್ಲಿ ಇಂದ್ರಾಬಾಯಿಯ ತಾಯಿ ಹಾಸಿಗೆ ಹಿಡಿದಿದ್ದಳು. ಅವಳ ಅಣ್ಣ ನಿಂಗಣ್ಣನಿಗೆ ಫೋನು ಮಾಡಿ, ಅವ್ವ ತಂಗಿಯನ್ನೇ ಕೇಳುತ್ತಿದ್ದಾಳೆ, ಕಳಿಸು ಎಂದ. ಮನೆಗೆ ಒಂದೇ ಫೋನು, ಅದು ನಿಂಗಣ್ಣನ ಜೇಬಿನಲ್ಲಿ. ಹೆಂಡತಿ ಟೈಫಾಯಿಡ್‌ನಿಂದ ಆಗಷ್ಟೇ ಎದ್ದಿದ್ದಳು, ಸೋನಾಲಿಯ ಪರೀಕ್ಷೆ ನಡೆದಿತ್ತು; ಎರಡು ದಿನ ಬಿಟ್ಟು ಹೇಳೋಣ ಎಂದು ಅವನು ಸುಮ್ಮನಾದ. ಎರಡನೇ ದಿನಕ್ಕೆ ಮುದುಕಿ ತೀರಿಕೊಂಡಳು. ಆಮೇಲೆ ಅವನಿಗೆ ಬಾಯೇ ಬರಲಿಲ್ಲ. ಒಂಬತ್ತನೇ ದಿನ ಕಾಯಿಪಲ್ಲೆ ಬಜಾರಿನಲ್ಲಿ ಊರ ಕಡೆಯ ಹೆಂಗಸೊಬ್ಬಳು ಇಂದ್ರಾಬಾಯಿಯ ಕೈಹಿಡಿದು, ನಿನಗೆ ಅವ್ವನ ಮುಖವೂ ಸಿಗಲಿಲ್ಲವಲ್ಲ ಎಂದು ಅತ್ತಳು. ಇಂದ್ರಾಬಾಯಿ ಕಾಯಿಪಲ್ಲೆಯ ಚೀಲವನ್ನು ಹೊಸ್ತಿಲ ಮೇಲಿಟ್ಟು ಉಟ್ಟ ಸೀರೆಯಲ್ಲೇ ಊರಿಗೆ ಹೋದಳು. ದಿನಕರ್ಮ ಮುಗಿದ ಮೇಲೆ ಸೋಲಾಪುರಕ್ಕೆ ಅಕ್ಕನ ಮನೆಗೆ ಹೋಗಿ, ಅಕ್ಕ ದುಡಿಯುವ ಟವೆಲ್ ಕಾರ್ಖಾನೆಗೇ ಸೇರಿದಳು. ರವಿವಾರಕ್ಕೊಮ್ಮೆ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಗಂಡನ ಜೊತೆ ಮಾತಾಡುತ್ತಿದ್ದುದು ಒಂದೆರಡು ಮಾತಷ್ಟೇ.

ಅದೆಲ್ಲ ದಾನೇಶ್ವರಿಯ ತಲೆಯಲ್ಲಿ ಒಮ್ಮೆ ಹಾದುಹೋಯಿತು. ನಿಂಗಣ್ಣನನ್ನು ಒಂದು ಮಾತು ಕೇಳಬೇಕೆಂದೂ ಅನಿಸಿತು. ಆದರೆ ಅವನು ಪೈಪ್‌ಲೈನ್ ಕೆಲಸದವನು, ಬರುವುದು ಕತ್ತಲಾದ ಮೇಲೆ. ಬಿಸಿಲು ಕಿಟಕಿಯಲ್ಲಿ ಇನ್ನು ಅರ್ಧ ತಾಸು ಇರುತ್ತಿತ್ತು. ಹುಡುಗಿ ಹೂಂ ಎಂದಳಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸೆರಗಿನ ಮೇಲೆ ರಟ್ಟನ್ನಿಟ್ಟು ಸುತ್ತ ಸೀಮೆಸುಣ್ಣ ಎಳೆದಳು. ರೇಷ್ಮೆಯಲ್ಲಿ ಕತ್ತರಿ ನೀರಿನಲ್ಲಿ ಹೋದಂತೆ ಹೋಯಿತು. ಮುಂದಿನದೊಂದು, ಹಿಂದಿನದೊಂದು, ಎರಡು ತುಂಡು.

ರವಿವಾರ ಬೆಳಿಗ್ಗೆ ನಿಂಗಣ್ಣನೇ ಬಂದ. ಕೈಯಲ್ಲಿ ಒಗೆದು ಮಡಿಸಿದ ನೀಲಿ ಅಂಗಿ.

“ಅಕ್ಕಾ, ಸೋನಾಲಿ ಮೋಜಾಕ ಇದು ನಡೀತದೇನು ನೋಡ್ರಿ. ಮನ್ಯಾಗ ಬ್ಯಾರೆ ಅರಿವಿ ಇಲ್ಲ” ಎಂದ.

ದಾನೇಶ್ವರಿ ಒಲೆಯ ಮುಂದಿದ್ದಳು. ಕೈ ಚಾಚಿ ಅಂಗಿ ತೆಗೆದುಕೊಂಡಳು. ಅವನು ಹೋಗದೆ ಬಾಗಿಲಲ್ಲೇ ನಿಂತ. ಇಂದ್ರಾಬಾಯಿಯ ಫೋನು ಬಂದಿತ್ತಂತೆ. ಅಕ್ಕನ ಮಗ ಇಪ್ಪತ್ತಾರಕ್ಕೆ ಮುಂಬೈಗೆ ಬರುತ್ತಾನೆ, ಅವನ ಕೈಯಲ್ಲಿ ಅವ್ವನ ಇಳಕಲ್ ಸೀರೆ ಕಳಿಸು ಎಂದಳಂತೆ. ಅವ್ವ ಉಟ್ಟು ಬಿಟ್ಟದ್ದು ಅದೊಂದೇ, ಬಾಣಂತನಕ್ಕೆ ಹೋದಾಗ ತನ್ನ ಮೈಮೇಲಿಂದ ತೆಗೆದು ಮಗಳಿಗೆ ಕೊಟ್ಟದ್ದು. “ಟ್ರಂಕಿನ್ಯಾಗ ಐತಿ. ನಾ ತೆಗೆದೂ ನೋಡಿಲ್ಲ. ಮುಟ್ಟಾಕ ಮನಸ್ಸಾಗೂದಿಲ್ಲ” ಎಂದು ಹೇಳಿ ಅವನು ಚಪ್ಪಲಿ ಮೆಟ್ಟಿ ಹೋದ.

ಚಹಾ ಉಕ್ಕಿ ಒಲೆ ಆರಿತು. ದಾನೇಶ್ವರಿ ಅದನ್ನು ನೋಡುತ್ತಲೇ ನಿಂತಿದ್ದಳು. ಸೀರೆ ಅವನು ನಿಂತಿದ್ದ ಜಾಗಕ್ಕೆ ಮೂರು ಹೆಜ್ಜೆ ದೂರದಲ್ಲಿ, ಮಷೀನಿನ ಕೆಳಗಿನ ಚೀಲದಲ್ಲಿತ್ತು. ಸೆರಗಿನಲ್ಲಿ ಕಾಲುಚೀಲದಾಕಾರದ ಎರಡು ತೂತು.

ಗುರುಪಾದನಿಗೆ ರಜೆ. ಹೆಂಡತಿಯ ಮುಖ ನೋಡಿ ಏನೆಂದು ಕೇಳಿ ತಿಳಿದುಕೊಂಡ. ಇಲಿ ಕಡಿದಿದೆ ಎಂದು ಹೇಳು, ಇಲ್ಲದಿದ್ದರೆ ಹುಡುಗಿ ತಂದುಕೊಟ್ಟಳು ಎಂದು ಹೇಳು, ಎರಡರಲ್ಲಿ ಒಂದು; ನಿನ್ನ ತಪ್ಪು ಏನಿದೆ ಎಂದ. ಅವಳು ಉಕ್ಕಿದ ಚಹಾ ಒರೆಸಿದಳು. ಹುಡುಗಿ ತಂದುಕೊಟ್ಟದ್ದು ನಿಜ. ಆದರೆ ಎಂಟು ವರ್ಷದ ಹುಡುಗಿಗೆ ಕಾಣದ್ದು ತನಗೆ ಕಂಡಿತ್ತು. ಇದು ಮೋಜಾಕ್ಕೆ ಕೊಡುವ ಬಟ್ಟೆಯಲ್ಲ ಎಂದು ಬಿಚ್ಚಿದ ಕೂಡಲೇ ಗೊತ್ತಾಗಿತ್ತು. ಕೈಗೆ ಬಂದ ಆ ಕೆಂಪನ್ನು ಬಿಡಲಾರದೆ ಕತ್ತರಿಸಿದ್ದಳು.

ಅವತ್ತಿನಿಂದ ಅವಳು ಒಂದು ಕಡೆ ನಿಂತವಳಲ್ಲ. ಮೊದಲು ತುಂಡುಗಳನ್ನು ತೂತಿನೊಳಗೆ ಕೂರಿಸಿ ಸಣ್ಣ ಹೊಲಿಗೆ ಹಾಕಿ ನೋಡಿದಳು. ತೋಪುತೆನೆಯ ಸಾಲು ಸೊಟ್ಟಗಾಯಿತು. ಬಿಚ್ಚಿದಳು. ಸ್ಟೇಷನ್ನಿನ ಸೇತುವೆಯ ಬುಡದಲ್ಲಿ ಕೂತು ಹರಿದ ಬಟ್ಟೆಗೆ ರಫೂ ಹಾಕುವ ಮುದುಕನ ಹತ್ತಿರ ಓಡಿದಳು. ಅವನು ಕನ್ನಡಕ ಏರಿಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಎಳೆ ಸೇರಿಸಿ ಕೊಡಬಲ್ಲೆ, ಬೇರೆಯವರಿಗೆ ಕಾಣಲಿಕ್ಕಿಲ್ಲ, ಉಟ್ಟವಳ ಕೈಗೆ ಮಾತ್ರ ಸಿಕ್ಕೇ ಸಿಗುತ್ತದೆ ಎಂದ.

ಸೋಮವಾರ ದಾದರಿಗೆ ಹೋದಳು. ಇಂಥದೇ ಸೀರೆ ಸಿಕ್ಕಿಬಿಟ್ಟರೆ ಎಂಬ ಆಸೆ. ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಹನ್ನೆರಡು ಅಂಗಡಿ ಹತ್ತಿ ಇಳಿದಳು. ಇಳಕಲ್ ಎಲ್ಲ ಕಡೆ ಇತ್ತು. ಒಂದರ ಕೆಂಪು ಕುಂಕುಮದ ಹಾಗೆ ಕಣ್ಣಿಗೆ ಹೊಡೆಯುವಂಥದು, ಇನ್ನೊಂದರ ತೆನೆ ಎರಡೇ ಬೆರಳು ಅಗಲ. ಒಂದು ಅಂಗಡಿಯಲ್ಲಿ ಗುಳೇದಗುಡ್ಡ ಕಡೆಯ ಕೆಲಸದವನಿದ್ದ. ಚೀಲದಲ್ಲಿದ್ದ ತುಂಡನ್ನು ಮುಟ್ಟಿ ನೋಡಿ, “ಇದು ಹಳೇ ಮಗ್ಗದ್ದು ರೀ. ಈ ಬಣ್ಣ ಈಗ ಹುಟ್ಟೂದಿಲ್ಲ” ಎಂದ. ಸುತ್ತ ನಕ್ಷತ್ರದ ದೀಪ, ಹತ್ತಿಯ ಗಡ್ಡದ ಸಾಂತಾ, ಪ್ಲಾಸ್ಟಿಕ್ಕಿನ ಕೆಂಪು ಕಾಲುಚೀಲಗಳ ಮಾಲೆ. ಅವಳು ಅದರ ನಡುವೆ ದಾರಿ ಮಾಡಿಕೊಂಡು ಸ್ಟೇಷನ್ನಿಗೆ ಬಂದಳು. ಲೋಕಲಿನಲ್ಲಿ ಅಷ್ಟೇನೂ ಗದ್ದಲವಿರಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಸರಿದು ಕೂತು ಬೈಠೋ ಎಂದಳು. ಕೂರುವುದು ಆಗಲಿಲ್ಲ. ಕುರ್ಲಾದವರೆಗೂ ಬಾಗಿಲ ಹತ್ತಿರದ ಕಂಬ ಹಿಡಿದುಕೊಂಡೇ ಬಂದಳು.

ಈ ನಡುವೆ ಹೊಲಿಗೆ ನಿಲ್ಲುವಂತಿರಲಿಲ್ಲ. ಹದಿನಾಲ್ಕನೆಯದಕ್ಕೆ ಹಿಮ್ಮಡಿ ತಿರುಗುಮುರುಗಾಯಿತು. ಹದಿನೈದನೆಯದಕ್ಕೆ ಒಳಗಿನ ಮಗ್ಗುಲು ಹೊರಗೆ ಬಂತು. ಎಸ್ಮಿ ಆಂಟಿ ಮುಗಿದವುಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ನೋಡಿ, ಮೊದಲಿನ ಹನ್ನೊಂದು ನಿನ್ನವು, ಇವು ಯಾರೋ ಓಡುತ್ತ ಹೊಲಿದವು ಎಂದಳು. ದಾನೇಶ್ವರಿಗೆ ಅಲ್ಲೇ ಹೇಳಿಬಿಡಬೇಕೆನಿಸಿತು. ಆಂಟಿ ಅಷ್ಟರಲ್ಲಿ ತಾನು ಕ್ರಿಸ್‌ಮಸ್ಸಿಗೆ ಕರಿದಿಟ್ಟ ಕುಲಕುಲದ ಡಬ್ಬಿ ತೆರೆದು ರುಚಿ ನೋಡು ಎಂದಳು. ಬಾಯಲ್ಲಿ ಸಿಹಿ ಇಟ್ಟುಕೊಂಡು ಅವಳು ಮೇಲೆ ಬಂದಳು.

ಮಂಗಳವಾರ ಮಧ್ಯಾಹ್ನ ಸೋನಾಲಿ ಶಾಲೆಯಿಂದ ಬರುವುದನ್ನು ಕಾದು ಮೆಟ್ಟಿಲ ಮೇಲೆ ನಿಲ್ಲಿಸಿದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳದೆ ಇರಲು ಆಗದೆ.

“ಪಪ್ಪಾ ಕೊಡು ಅಂದಿರಲಿಲ್ಲ, ಹೌದಲ್ಲ?”

ಸೋನಾಲಿ ಬೂಟಿನ ತುದಿ ನೋಡಿಕೊಂಡು “ನಹೀ” ಎಂದಳು.

“ಮತ್ತ ಯಾಕ ತಂದಿ?”

ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ತಡವರಿಸುತ್ತ ಬರುತ್ತಿತ್ತು. “ಮಮ್ಮಿ ಬರಲ್ಲ. ಹರ್ ಸಂಡೇ ಬಾ ಅಂತೀನಿ. ಬರ್ತೀನಿ ಅಂತಾಳೆ, ಬರಲ್ಲ. ಉಸ್‌ಕಾ ಸಾಡಿ ಕಟ್ ಆದ್ರೆ ಸಿಟ್ಟು ಬರ್ತದ ನಾ? ಸಿಟ್ಟು ಬಂದ್ರೆ ಹೊಡೀಲಿಕ್ಕೆ ಬರ್ತಾಳೆ.”

ದಾನೇಶ್ವರಿ ಅವಳ ಬೆನ್ನಿನ ಚೀಲದ ಪಟ್ಟಿ ಸರಿಮಾಡಿದಳು. ಹುಡುಗಿ ಮೇಲೆ ಹೋದ ಮೇಲೂ ಮೆಟ್ಟಿಲ ಮೇಲೇ ನಿಂತಿದ್ದಳು. ಇಪ್ಪತ್ತಾರಕ್ಕೆ ಯಾವನೋ ಹುಡುಗ ಬಂದು ಟ್ರಂಕು ತೆರೆದಾಗ ಸೀರೆ ಇರುವುದಿಲ್ಲ. ನಿಂಗಣ್ಣ ಹುಡುಕುತ್ತಾನೆ, ಇಂದ್ರಾಬಾಯಿ ಗಂಡನೇ ಏನೋ ಮಾಡಿದ ಎಂದುಕೊಳ್ಳುತ್ತಾಳೆ, ಹುಡುಗಿ ಬಾಯಿ ಬಿಡುವುದಿಲ್ಲ. ಆ ಮನೆ ಹಾಳಾದದ್ದೇ ಹೇಳಬೇಕಾದ ಒಂದು ಮಾತನ್ನು ಹೇಳದೆ. ಅದನ್ನು ಕೇಳಿ ಚಾಳಿನ ಹೆಂಗಸರೆಲ್ಲ ನಿಂಗಣ್ಣನಿಗೆ ಛೀ ಅಂದಿದ್ದರು, ತಾನೂ ಅಂದಿದ್ದಳು. ಈಗ ಮೂರು ದಿನದಿಂದ ತಾನೂ ಅದನ್ನೇ ಮಾಡುತ್ತಿದ್ದಳು.

ಗುರುಪಾದನಿಗೆ ಅಂದು ಬದಲಿ ಪಾಳಿ, ಮನೆಯಲ್ಲಿ ಮಲಗಿದ್ದ. ಇಂದ್ರಾಬಾಯಿ ಹಿಂದೊಮ್ಮೆ ಅವನ ಫೋನಿನಿಂದ ಅಕ್ಕನ ಜೊತೆ ಮಾತಾಡಿದ್ದಳು, ಆ ನಂಬರು ಅದರಲ್ಲಿ ಇತ್ತು. ಫೋನು ಎತ್ತಿಕೊಂಡು ಹೊರಬಿದ್ದಳು. ಚಾಳಿನಲ್ಲಿ ಗೋಡೆ ಎಂದರೆ ಹೆಸರಿಗೆ ಮಾತ್ರ. ಅಲ್ಲಿ ಆಡಿದ್ದು ಸಂಜೆಯೊಳಗೆ ಎಲ್ಲರದಾಗುತ್ತದೆ. ಸ್ಟೇಷನ್ನಿನ ಸೇತುವೆ ಹತ್ತಿ, ಕೆಳಗೆ ಗಾಡಿಗಳು ಧಡಧಡ ಹೋಗುವಲ್ಲಿ ಕಟಕಟೆಗೆ ಒರಗಿ ನಂಬರು ಒತ್ತಿದಳು. ಅಕ್ಕ ಎತ್ತಿ, ಇರು ಎಂದು, ಇಂದ್ರಾಬಾಯಿಯ ಕೈಗೆ ಕೊಟ್ಟಳು. ಆ ಕಡೆ ಕಾರ್ಖಾನೆ. ಮಗ್ಗಗಳ ಸದ್ದಿನಲ್ಲಿ ಇಂದ್ರಾಬಾಯಿಯ ದನಿ ಮುಳುಗಿ ಏಳುತ್ತಿತ್ತು.

“ಯಾರು?”

“ನಾ ದಾನೇಶ್ವರಿ. ಚಾಳಿನ ದಾನೇಶ್ವರಿ. ನಿಮ್ಮವ್ವನ ಸೀರಿ ಕತ್ತರಿಸೀನಿ.”

“ಏನು? ಕೇಳಸವಲ್ದು.”

“ಸೀರಿ. ಕತ್ತರಿಸೀನಿ.”

“ಯಾವ ಸೀರಿ? ಜೋರಾಗಿ ಹೇಳು.”

ಕೆಳಗೆ ಫಾಸ್ಟ್ ಲೋಕಲ್ ಒಂದು ನುಗ್ಗಿ ಬಂತು. ಮನಸ್ಸಿನಲ್ಲಿ ಮೂರು ದಿನ ಪಿಸುಗುಟ್ಟಿಕೊಂಡದ್ದನ್ನು ದಾನೇಶ್ವರಿ ಈಗ ಗಂಟಲು ಹರಿಯುವಂತೆ ಕೂಗಬೇಕಾಯಿತು. “ನಿಮ್ಮವ್ವನ ಇಳಕಲ್ ಸೀರಿ ಸೆರಗ ಕತ್ತರಿಸೀನಿ. ಮೋಜಾ ಹೊಲಿಯಾಕ.” ಸೇತುವೆಯ ಮೇಲೆ ಹೋಗುವವರು ತಿರುಗಿ ನೋಡಿದರು.

ಆ ಕಡೆಯ ಸದ್ದು ಮೆಲ್ಲಗೆ ಸಣ್ಣದಾಯಿತು. ಇಂದ್ರಾಬಾಯಿ ಹೊರಗೆ ಬಂದಿರಬೇಕು.

“ಯಾವಾಗ?”

“ಶನಿವಾರ.”

“ಇವತ್ತ ಮಂಗಳವಾರ.”

“ಹೌದು. ಹೇಳಾಕ ಬಾಯಿ ಬರಲಿಲ್ಲ.”

ಫೋನು ಕಡಿದುಹೋಯಿತು. ದಾನೇಶ್ವರಿ ಮತ್ತೆ ಹಚ್ಚಲಿಲ್ಲ. ಹುಡುಗಿಯ ಹೆಸರು ಬಾಯಿಂದ ಬರಲಿಲ್ಲವಲ್ಲ ಎಂಬುದಷ್ಟೇ ಸಮಾಧಾನ.

ಸಂಜೆ ನಿಂಗಣ್ಣ ಕೆಲಸದಿಂದ ಬಂದು ಕೈಕಾಲು ತೊಳೆಯುವುದನ್ನೇ ಕಾದಿದ್ದು ಅವನ ಬಾಗಿಲಿಗೆ ಹೋದಳು. ಸೀರೆಯನ್ನು ಮಂಚದ ಮೇಲೆ ಹರಡಿ ತೋರಿಸಿದಳು. ಅವನು ನಿಂತಲ್ಲೇ ಕುಕ್ಕರಗಾಲಿನಲ್ಲಿ ಕೂತ. ತೂತಿನ ಅಂಚನ್ನು ಮುಟ್ಟಲು ಕೈ ಚಾಚಿದವನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡ. ಬಯ್ಯಲಿಲ್ಲ. ಬಾಗಿಲ ಕಡೆ ನೋಡಿಕೊಂಡು ಹೇಳಿದ:

“ಸದ್ಯ ಅಕಿಗೆ ಹೇಳಬ್ಯಾಡ್ರಿ ಅಕ್ಕಾ. ನಾ ಟೈಮ್ ನೋಡಿ ಹೇಳ್ತೀನಿ.”

“ಹೇಳಿ ಬಂದೀನಿ” ಎಂದಳು ದಾನೇಶ್ವರಿ.

ನಿಂಗಣ್ಣ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟವನ್ನು ಅವಳು ಬಹಳ ದಿನ ಮರೆಯಲಿಲ್ಲ. ಸಿಟ್ಟಲ್ಲ ಅದು. ಹೀಗೆ ಸುಮ್ಮನೆ ಹೇಳಿಬಿಡಬಹುದು ಎಂಬುದೇ ಅವನಿಗೆ ಹೊಸದಾಗಿ ಗೊತ್ತಾದಂತಿತ್ತು.

ಇಪ್ಪತ್ನಾಲ್ಕರ ಮಧ್ಯಾಹ್ನಕ್ಕೆ ಹದಿನೇಳು ಕಾಲುಚೀಲ ಸಿದ್ಧವಾಗಿ ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು, ಒಳಗೆ ಚೆಂಡು, ಮೊಲ, ಒಂದೊಂದು ಪೊಟ್ಟಣ ಕುಲಕುಲ. ಹದಿನೆಂಟನೆಯದು ಆಗಿರಲಿಲ್ಲ. ನೀಲಿ ಅಂಗಿಯನ್ನು ಮೂರು ಸಲ ಹರಡಿ, ಮೂರು ಸಲ ಮಡಿಸಿಟ್ಟಿದ್ದಳು. ಅದಕ್ಕೆ ಕತ್ತರಿ ಹಾಕುವ ಧೈರ್ಯವೂ ಬರಲಿಲ್ಲ, ಕೆಂಪು ತುಂಡುಗಳನ್ನು ಹೊಲಿಯುವ ಧೈರ್ಯವೂ ಬರಲಿಲ್ಲ. ಐದು ಗಂಟೆಗೆ ಬಾಗಿಲು ಬಾಗಿಲಿಗೆ ತೂಗುಹಾಕಬೇಕು. ಕೆಳಗೆ ಮಕ್ಕಳ ಗದ್ದಲ ಆಗಲೇ ಶುರುವಾಗಿತ್ತು. ಅವಳು ಹೊರಗೆ ಗ್ಯಾಲರಿಗೆ ಹೋಗುವಳು, ಒಳಗೆ ಬರುವಳು, ಮತ್ತೆ ಹೋಗುವಳು.

ನಾಲ್ಕು ಗಂಟೆಗೆ ಇಂದ್ರಾಬಾಯಿ ಬಂದಳು.

ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದು ಬಂದಿದ್ದಳು. ತನ್ನ ಮನೆಗೆ ಹೋಗದೆ ನೇರ ದಾನೇಶ್ವರಿಯ ಬಾಗಿಲಿಗೆ ಬಂದು ನಿಂತಳು. ತೆಳ್ಳಗಾಗಿದ್ದಳು, ಕೂದಲಲ್ಲಿ ಹತ್ತಿಯ ಧೂಳು ಇತ್ತು. ಎಲ್ಲಿ ಎಂದು ಕೇಳಿದಳು. ದಾನೇಶ್ವರಿ ಸೀರೆ ತಂದು ಕೈಗಿಟ್ಟಳು. ಇಂದ್ರಾಬಾಯಿ ಚಾಪೆಯ ಮೇಲೆ ಕೂತು ಒಡಲಿನ ಮಡಿಕೆ ಬಿಚ್ಚಿ ಮೂಗಿಗೆ ಹಿಡಿದಳು, ಆಮೇಲೆ ಸೆರಗು ಬಿಚ್ಚಿದಳು. ತೂತಿನೊಳಗೆ ಕೈ ತೂರಿಸಿ ಆಚೆಯಿಂದ ತನ್ನ ಬೆರಳುಗಳನ್ನು ನೋಡಿದಳು.

“ನೋಡಿದ ಕೂಡಲೆ ನಿನಗ ಗೊತ್ತಾಗಲಿಲ್ಲೇನು?”

“ಗೊತ್ತಾಗಿತ್ತು. ಬಣ್ಣ ನೋಡಿ ಆಸೆ ಆತು” ಎಂದಳು ದಾನೇಶ್ವರಿ.

ಇಂದ್ರಾಬಾಯಿ ಸರಿ ಎನ್ನಲಿಲ್ಲ, ಇರಲಿ ಬಿಡು ಎನ್ನಲಿಲ್ಲ. ಮುಖ ಗಟ್ಟಿಯಾಗಿಯೇ ಇತ್ತು. ಟ್ರಂಕಿನ ಕೀಲಿಕೈ ಎಲ್ಲಿರುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಅಷ್ಟರಲ್ಲಿ ಬಾಗಿಲ ಪಕ್ಕದಿಂದ ಸೋನಾಲಿ ಒಂದು ಕಣ್ಣು ಹೊರಗೆ ಹಾಕಿದಳು. ಆಟದ ನಡುವೆ ಯಾರೋ ಹೇಳಿ, ಮೆಟ್ಟಿಲು ಓಡಿ ಹತ್ತಿ ಬಂದಿದ್ದಳು, ಎದೆ ಏರಿಳಿಯುತ್ತಿತ್ತು.

“ಮೈನೇ ದಿಯಾ. ನಾ ಕೊಟ್ಟೆ” ಎಂದಳು. ಸ್ವಲ್ಪ ತಡೆದು, “ಹೊಡೀಲಿಕ್ಕೆ ಬಂದ್ಯಾ?” ಎಂದು ಕೇಳಿದಳು.

“ಹೂಂ” ಎಂದಳು ಇಂದ್ರಾಬಾಯಿ. “ಬಾ ಇಲ್ಲಿ.”

ಹುಡುಗಿ ಕಣ್ಣುಮುಚ್ಚಿ, ಕೆನ್ನೆ ಬಿಗಿಹಿಡಿದು ಮುಂದೆ ಬಂದು ನಿಂತಳು. ಇಂದ್ರಾಬಾಯಿ ಅವಳನ್ನು ಎಳೆದು ಸೀರೆಯ ಸಮೇತ ತೊಡೆಯ ಮೇಲೆ ಕೂರಿಸಿಕೊಂಡಳು. ದಾನೇಶ್ವರಿ ಒಳಗೆ ಹೋಗಿ ಬೇಡದ ಪಾತ್ರೆಗಳನ್ನು ತೊಳೆದಳು.

ತಿರುಗಿ ಬಂದಾಗ ಇಂದ್ರಾಬಾಯಿ ಮಷೀನಿನ ಮೇಲಿದ್ದ ಎರಡು ಕೆಂಪು ತುಂಡುಗಳನ್ನು ಎದುರುಬದುರಾಗಿ ಜೋಡಿಸಿ ನೋಡುತ್ತಿದ್ದಳು. “ಕತ್ತರಿಸಿದ್ದು ಮತ್ತ ಸೆರಗಾಗೂದಿಲ್ಲ. ಸೂಜಿ ಕೊಡು” ಎಂದಳು. ಮಷೀನಿನಲ್ಲಿ ಐದು ನಿಮಿಷದ ಕೆಲಸ ಎಂದು ದಾನೇಶ್ವರಿ ಹೇಳಿದಳು. ಬೇಡ, ಕೈಯಿಂದ ಹಾಕುತ್ತೇನೆ ಎಂದು ಇಂದ್ರಾಬಾಯಿ ಸೂಜಿ, ನೂಲು, ತುಂಡುಗಳನ್ನು ತೆಗೆದುಕೊಂಡು, ಎಂಟು ತಿಂಗಳ ಮೇಲೆ ತನ್ನ ಮನೆಯ ಬಾಗಿಲಿಗೆ ಹೋದಳು. ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತು ಹೊಲಿಯತೊಡಗಿದಳು.

ನಿಂಗಣ್ಣ ಅವತ್ತು ಬೇಗ ಬಂದ. ಗ್ಯಾಲರಿಯ ತಿರುವಿನಲ್ಲಿ ಹೆಂಡತಿಯನ್ನು ಕಂಡು, ಕೈಯಲ್ಲಿದ್ದ ಊಟದ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತುಬಿಟ್ಟ. ದಾನೇಶ್ವರಿ ಕಾಲುಚೀಲಗಳನ್ನು ತೋಳಿಗೆ ಹಾಕಿಕೊಂಡು ಹೊರಟಿದ್ದಳು. ಹಾದುಹೋಗುವಾಗ ಇಂದ್ರಾಬಾಯಿಯ ಮಾತು ಕಿವಿಗೆ ಬಿತ್ತು. ತಗ್ಗಿಸಿದ ತಲೆ ಎತ್ತದೆ, ಹೊಲಿಗೆ ನಿಲ್ಲಿಸದೆ ಆಡಿದ ಮಾತು.

“ಅಕಿ ಮೂರು ದಿನಕ್ಕ ಹೇಳಿದಳು. ನೀ ಒಂಬತ್ತು ದಿನಾ ಆದರೂ ಹೇಳಲಿಲ್ಲ.”

ನಿಂಗಣ್ಣ ಗೋಡೆಗೆ ಒರಗಿದ.

“ಕುಂದ್ರು. ಅವತ್ತ ಫೋನಿನ್ಯಾಗ ನಮ್ಮಣ್ಣ ಏನಂದ? ಅವ್ವ ನನ್ನ ಹೆಸರು ಹಿಡಿದು ಕೇಳಿದಳೇನು? ಒಂದೂ ಬಿಡಬ್ಯಾಡ. ಪೂರಾ ಹೇಳು.”

ದಾನೇಶ್ವರಿ ಸೋನಾಲಿಯ ಕೈಹಿಡಿದು ಕೆಳಗೆ ಕರೆದುಕೊಂಡು ಹೋದಳು. ಎಸ್ಮಿ ಆಂಟಿ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಾಗಿಲು ಬಾಗಿಲಿಗೆ ಹೋಗಿ ಮೊಳೆಗೆ ಮೋಜಾ ಹಾಕುವುದು, ಮಕ್ಕಳು ಹಿಂದೆ ಹಿಂದೆ ಬರುವುದು, ನಾಳೆ ಬೆಳಿಗ್ಗೆಯವರೆಗೆ ಮುಟ್ಟಬಾರದೆಂದು ಹೇಳುವುದು, ಅವು ಮುಟ್ಟಿಯೇ ಮುಟ್ಟುವುದು. ಕೆಳಗಿನ ಸಾಲು ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಸೋನಾಲಿ ಪ್ರತಿ ಬಾಗಿಲಿನಲ್ಲೂ ಒಮ್ಮೆ ಕತ್ತೆತ್ತಿ ಮೇಲೆ ನೋಡುತ್ತಿದ್ದಳು. ದಾನೇಶ್ವರಿಯೂ ನೋಡುತ್ತಿದ್ದಳು. ಕಟಕಟೆಯ ಸಂದಿಯಿಂದ ಕಾಣುತ್ತಿದ್ದದ್ದು ಇಷ್ಟೇ: ಇಂದ್ರಾಬಾಯಿಯ ಕೈ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ನಿಂಗಣ್ಣ ಅವಳೆದುರು ನೆಲದ ಮೇಲೆ ಕೂತಿದ್ದ. ಅವನು ಹೇಳುತ್ತಿದ್ದ. ಒಮ್ಮೆ ಅವಳ ಕೈ ಬಹಳ ಹೊತ್ತು ನಿಂತಿತು. ಮತ್ತೆ ಶುರುವಾಯಿತು.

ಮೇಲಿನ ಸಾಲಿಗೆ ಹೋದಾಗ ಕೆಂಪು ಮೋಜಾ ಬಾಗಿಲಿನಲ್ಲಿ ತೂಗುತ್ತಿತ್ತು, ಒಳಗೆ ಏನೂ ಇಲ್ಲದೆ. ಇಂದ್ರಾಬಾಯಿಯ ಕಣ್ಣು ಊದಿದ್ದವು. ಹುಡುಗಿಗೆ ಊಟ ಹಾಕು, ನಮ್ಮದು ಇನ್ನೂ ಮುಗಿದಿಲ್ಲ ಎಂದಳು. ದಾನೇಶ್ವರಿ ಹಾಗೇ ಮಾಡಿದಳು. ಜೋಳದ ರೊಟ್ಟಿ ತಿನ್ನುತ್ತ ಸೋನಾಲಿ, ಹೊಡೆಯಲೇ ಇಲ್ಲ ಎಂದು ಗುರುಪಾದನಿಗೆ ಎರಡು ಸಲ ಹೇಳಿದಳು.

ಇಂದ್ರಾಬಾಯಿ ನಾಲ್ಕು ದಿನ ಇದ್ದು ಸೋಲಾಪುರಕ್ಕೆ ಹೋದಳು. ಬರುತ್ತಾಳೋ ಇಲ್ಲವೋ ಎಂದು ಚಾಳಿನಲ್ಲಿ ಎರಡು ಪಂಗಡವಾಯಿತು. ಕಾರ್ಖಾನೆಯ ಕೆಲಸ ಬಿಡಿಸಿಕೊಂಡು, ಸಂಕ್ರಾಂತಿಯ ಮರುವಾರ ಹಾಸಿಗೆಯ ಸುರುಳಿ ಹೊತ್ತುಕೊಂಡು ಬಂದಳು. ಈಗ ಅವಳ ಹತ್ತಿರ ಅವಳದೇ ಫೋನು ಇತ್ತು. ಊರಿನಿಂದ ಬಂದ ಕರೆಗೆ ಗ್ಯಾಲರಿಯಲ್ಲಿ ನಿಂತು ತಾನೇ ಎಲ್ಲರಿಗೂ ಕೇಳಿಸುವಂತೆ ಉತ್ತರ ಕೊಡುತ್ತಿದ್ದಳು, ದಾನೇಶ್ವರಿಗೂ ಕೇಳಿಸುತ್ತಿತ್ತು. ಗಂಡಹೆಂಡತಿ ಮೊದಲಿನಂತಾದರು ಎಂದು ಹೇಳುವ ಹಾಗಿಲ್ಲ. ನಿಂಗಣ್ಣ ಮನೆಗೆ ಬಂದ ಕೂಡಲೇ ಅವತ್ತಿನದೆಲ್ಲ ಹೇಳುತ್ತಿದ್ದ, ಎಲ್ಲಿ ಪೈಪು ಒಡೆಯಿತು, ಯಾರು ಬಯ್ದರು ಎಂಬುದನ್ನೂ ಬಿಡದೆ. ಅವಳು ಕೇಳುತ್ತಿದ್ದಳು.

ದಾನೇಶ್ವರಿಯ ಮನೆಗೆ ಮಾತ್ರ ಅವಳು ಬರಲಿಲ್ಲ. ನಲ್ಲಿಯಲ್ಲಿ ಸಿಕ್ಕರೆ ಕೊಡ ಸರಿಸಿ ಜಾಗ ಬಿಡುತ್ತಿದ್ದಳು, ಅಷ್ಟೇ. ದಾನೇಶ್ವರಿಗೆ ಬಾಗಿಲಲ್ಲಿ ನೆರಳು ಕಂಡರೆ ಸಾಕು, ಹೊಲಿಗೆ ನಿಲ್ಲಿಸಿ ತಲೆಯೆತ್ತುವುದು ರೂಢಿಯಾಗಿಬಿಟ್ಟಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಆ ನೆರಳು ಇಂದ್ರಾಬಾಯಿಯದೇ ಆಗಿತ್ತು. ಹೊಸ ಬ್ಲೌಸ್ ಬಟ್ಟೆಯೊಂದನ್ನು ಮಷೀನ್ ಪಕ್ಕಕ್ಕಿಟ್ಟು, ತವರಿನ ಕಡೆಯ ಒಂದು ಮದುವೆಗೆ ಹೋಗಬೇಕು, ರವಿವಾರಕ್ಕೆ ಬೇಕು ಎಂದಳು. ದಾನೇಶ್ವರಿ ಟೇಪು ತೆಗೆದುಕೊಂಡು ಎದ್ದಳು. ಇಂದ್ರಾಬಾಯಿ ತೋಳು ಎತ್ತಿ ಅಳತೆಗೆ ನಿಂತು, ಗೋಡೆಯ ಕಡೆ ನೋಡಿಕೊಂಡು ಹೇಳಿದಳು:

“ಕತ್ತರಿ ಹಾಕೂ ಮುಂದ ಒಮ್ಮೆ ನನ್ನ ಕೇಳು.”

“ಕೇಳ್ತೀನಿ” ಎಂದಳು ದಾನೇಶ್ವರಿ.